ತಟ್ಟೆಯ ಪಕ್ಕ ಕೂತವರಿಗೆ

ಕಳೆದ ವಾರ ಡಾಕ್ಟರ್ ಮೇಡಂ ಫೈಲ್ ಮುಚ್ಚಿಟ್ಟು, "ಇನ್ನು ಆರು ತಿಂಗಳಿಗೊಮ್ಮೆ ಬಂದು ಮುಖ ತೋರಿಸಿ ಹೋದರೆ ಸಾಕು" ಅಂದರು. ನನಗಿದ್ದದ್ದು ಅನೊರೆಕ್ಸಿಯಾ ನರ್ವೋಸಾ, ಅಂದರೆ ದಪ್ಪಗಾಗ್ತೀನಿ ಅನ್ನೋ ಭಯಕ್ಕೆ ಊಟವನ್ನೇ ಬಿಡಿಸುವ ಮನಸ್ಸಿನ ಕಾಯಿಲೆ, ಅಂತ ನಿಮ್ಮಲ್ಲಿ ಕೆಲವರಿಗೆ ಮಾತ್ರ ಗೊತ್ತು. ಉಳಿದವರಿಗೆ ಮನೆಯವರು ಗ್ಯಾಸ್ಟ್ರಿಕ್, ರಕ್ತ ಕಮ್ಮಿ, ಬೆಂಗಳೂರಿನ ಪಿಜಿ ಊಟ ಹಿಡಿಸಲಿಲ್ಲ ಅಂತ ಏನೇನೋ ಹೇಳಿದ್ದರು. ಅವರಾದರೂ ಏನು ಮಾಡ್ತಾರೆ? ಈ ಕಾಯಿಲೆಯ ಹೆಸರನ್ನೇ ನಮ್ಮ ಮನೆಯಲ್ಲಿ ಯಾರೂ ಕೇಳಿರಲಿಲ್ಲ. ಊಟ ಬಿಟ್ಟವಳಿಗೆ ಡಾಕ್ಟರ್ ಯಾಕೆ, ಎರಡು ಬಿಗಿದರೆ ತಾನಾಗೇ ತಿಂತಾಳೆ ಅಂತ ಹೇಳಿದವರೂ ಇದ್ದರು. ಅವರ ವಿಷಯ ಬಿಡಿ, ಇದು ಅವರಿಗೆ ಬರೆದದ್ದಲ್ಲ.

"ತಿನ್ನೋಕೆ ಶುರು ಮಾಡಿದಳಲ್ಲ, ಇನ್ನೇನು ವಾಸಿಯಾದ ಹಾಗೇ" ಅಂತ ಎಲ್ಲರೂ ನಿಟ್ಟುಸಿರು ಬಿಟ್ಟರು. ನನಗೆ ನಿಜವಾದ ಕಷ್ಟ ಶುರುವಾದದ್ದೇ ಆಗ. ಊಟ ಬಿಟ್ಟಿದ್ದಾಗ ಮನಸ್ಸು ಮರಗಟ್ಟಿ ಹೋಗಿತ್ತು. ಅಳುವೂ ಇಲ್ಲ, ಸಿಟ್ಟೂ ಇಲ್ಲ. ಹೊಟ್ಟೆಗೆ ಅನ್ನ ಬೀಳುತ್ತಿದ್ದ ಹಾಗೆ ಎಲ್ಲವೂ ಒಟ್ಟಿಗೆ ಬಂತು. ತುತ್ತು ತುತ್ತಿಗೂ ಏನೋ ಕದ್ದು ತಿಂದ ಹಾಗೆ ಎದೆ ಹೊಡೆದುಕೊಳ್ಳುತ್ತಿತ್ತು. ಮೈ ತುಂಬುತ್ತಿದೆ ಅಂತ ಭಯ. ಸುಮ್ನೆ ಕೂತಿದ್ದರೂ ಅಳು. ಆ ತಿಂಗಳುಗಳಲ್ಲಿ ಜೊತೆಗಿದ್ದವರಿಗೆ ಈ ಬರಹ.

ಮೊದಲು ಆಸ್ಪತ್ರೆಯವರು. ಸೇರಿದ ದಿನವೇ ಅಮ್ಮ ದೊಡ್ಡ ಡಬ್ಬಿ ತುಂಬಾ ಊಟ ತಂದಿದ್ದಳು. ಮೇಡಂ ತಡೆದರು. ತುಂಬಾ ದಿನ ಹಸಿದ ದೇಹಕ್ಕೆ ಒಮ್ಮೆಲೇ ಜಾಸ್ತಿ ಊಟ ಹೋದರೆ ರಕ್ತದಲ್ಲಿ ಫಾಸ್ಫೇಟ್, ಪೊಟ್ಯಾಸಿಯಂ ಇಳಿದುಹೋಗಿ ಹೃದಯಕ್ಕೇ ಕುತ್ತು ಬರಬಹುದಂತೆ. ಹಾಗಾಗಿ ಸ್ವಲ್ಪ ಸ್ವಲ್ಪವೇ ಏರಿಸುತ್ತಾ ಹೋದರು, ಆಗಾಗ ರಕ್ತ ತೆಗೆದು ನೋಡುತ್ತಿದ್ದರು. ತೂಕ ನೋಡುವಾಗ ನನ್ನನ್ನು ಬೆನ್ನು ತಿರುಗಿಸಿ ನಿಲ್ಲಿಸುತ್ತಿದ್ದರು, ಅಂಕಿ ನನಗೆ ಕಾಣಬಾರದು ಅಂತ. ನಾನು ನರ್ಸ್ ಅಕ್ಕನ ಮುಖ ನೋಡಿ ಅಂದಾಜು ಮಾಡೋಕೆ ಹೋಗುತ್ತಿದ್ದೆ. ಅಕ್ಕಾ, ಒಂದು ದಿನವೂ ನಿಮ್ಮ ಹುಬ್ಬು ಕೂಡ ಅಲ್ಲಾಡಲಿಲ್ಲ. ಅದಕ್ಕೆ ಥ್ಯಾಂಕ್ಸ್.

ನನ್ನ ಕೌನ್ಸೆಲರ್ ಹೇಳಿದ ಒಂದು ವಿಷಯ ನನ್ನನ್ನು ತುಂಬಾ ದಿನ ಕಾಪಾಡಿತು. 1944-45ರಲ್ಲಿ ಅಮೆರಿಕದ ಮಿನೆಸೋಟ ವಿಶ್ವವಿದ್ಯಾಲಯದಲ್ಲಿ ಆನ್ಸೆಲ್ ಕೀಸ್ ಅನ್ನುವ ವಿಜ್ಞಾನಿ 36 ಜನ ಗಟ್ಟಿಮುಟ್ಟಾದ ಗಂಡಸರ ಮೇಲೆ ಒಂದು ಪ್ರಯೋಗ ಮಾಡಿದ್ದರು. ಯುದ್ಧಕ್ಕೆ ಹೋಗಲ್ಲ ಅಂದಿದ್ದವರು, ತಾವಾಗಿಯೇ ಒಪ್ಪಿ ಬಂದವರು. ಆರು ತಿಂಗಳು ಅವರ ಊಟವನ್ನು ಹೆಚ್ಚುಕಮ್ಮಿ ಅರ್ಧಕ್ಕೆ ಇಳಿಸಿದರು. ತೂಕ ಬಿಡಿ, ಅವರ ಸ್ವಭಾವವೇ ಬದಲಾಯಿತು. ಕಿರಿಕಿರಿ, ಮಂಕು, ಯಾರ ಜೊತೆಗೂ ಮಾತು ಬೇಡ. ಹಗಲೂ ರಾತ್ರಿ ಊಟದ್ದೇ ಯೋಚನೆ, ಕೆಲವರು ಅಡುಗೆ ಪುಸ್ತಕ ಓದುತ್ತಾ ಕೂರುತ್ತಿದ್ದರಂತೆ. ಮತ್ತೆ ಊಟ ಕೊಟ್ಟ ಮೇಲೂ ಮನಸ್ಸು ತಕ್ಷಣ ನೆಟ್ಟಗಾಗಲಿಲ್ಲ. ನಾನೂ ರಾತ್ರಿಯಿಡೀ ಅಡುಗೆ ವಿಡಿಯೋ ನೋಡುತ್ತಿದ್ದೆ. ಮನೆಯವರಿಗೆಲ್ಲ ಮಾಡಿ ಬಡಿಸಿ ನಾನು ಮಾತ್ರ ತಿನ್ನುತ್ತಿರಲಿಲ್ಲ. ನನಗೇ ಹುಚ್ಚು ಹಿಡಿದಿದೆ ಅಂದುಕೊಂಡಿದ್ದೆ. ಹಸಿವು ಯಾರನ್ನಾದರೂ ಹೀಗೆ ಮಾಡುತ್ತೆ ಅಂತ ಗೊತ್ತಾದ ದಿನ ಬಸ್ಸಲ್ಲಿ ಅಮ್ಮನ ಹೆಗಲ ಮೇಲೆ ನಿದ್ದೆ ಮಾಡಿದೆ.

ಅಮ್ಮನ ಬಗ್ಗೆ ಏನು ಬರೆಯಲಿ. ತುಪ್ಪ ಅಂದರೆ ನನಗೆ ಹಾವು ಕಂಡ ಹಾಗಿತ್ತು. ಒಂದು ಮಧ್ಯಾಹ್ನ ಅನ್ನದ ಮೇಲೆ ಒಂದು ಚಮಚ ತುಪ್ಪ ಹಾಕಿದ್ದಕ್ಕೆ ಕಿರುಚಾಡಿ ತಟ್ಟೆ ತಳ್ಳಿಬಿಟ್ಟೆ. ಅಮ್ಮ ಬೈಯಲಿಲ್ಲ. ಅಳಲೂ ಇಲ್ಲ. ನೆಲ ಒರೆಸಿದಳು, ಕೈ ತೊಳೆದಳು, ಇನ್ನೊಂದು ತಟ್ಟೆ ತಂದಳು. ಅಷ್ಟೇ ಅನ್ನ, ಅಷ್ಟೇ ಸಾರು, ಅಷ್ಟೇ ತುಪ್ಪ. ಪಕ್ಕದಲ್ಲಿ ಕೂತು ಅವರೆಕಾಳು ಹಿಸುಕತೊಡಗಿದಳು. ನಾನು ತಿಂದು ಮುಗಿಸುವಷ್ಟರಲ್ಲಿ ಸಾರು ಆರಿ ತಣ್ಣಗಾಗಿತ್ತು, ಅವಳ ಮುಂದೆ ಸಿಪ್ಪೆಯ ಗುಡ್ಡೆಯೇ ಆಗಿತ್ತು. ಕಿರುಚೋದು ಮಗಳಲ್ಲ, ಕಾಯಿಲೆ ಅಂತ ಕೌನ್ಸೆಲರ್ ಅವಳಿಗೆ ಹೇಳಿಕೊಟ್ಟಿದ್ದರಂತೆ. ಹೇಳೋದು ಸುಲಭ ಅಲ್ವಾ. ದಿನಕ್ಕೆ ಮೂರು ಹೊತ್ತು ಅದನ್ನು ನಂಬಿಕೊಂಡು ಕೂರೋದು ಅಮ್ಮನಿಗೇ ಗೊತ್ತು.

ಊಟ ಆದ ಮೇಲಿನ ಅರ್ಧ ಗಂಟೆ ಊಟಕ್ಕಿಂತ ಕೆಟ್ಟದ್ದು. ಮೆಟ್ಟಿಲು ಹತ್ತಿ ಇಳಿಯೋಣ, ಓಡೋಣ, ಏನಾದರೂ ಮಾಡಿ ಕರಗಿಸೋಣ ಅನ್ನಿಸುತ್ತಿತ್ತು. ಆ ಹೊತ್ತು ತಮ್ಮನದ್ದು. ಚೌಕಾಬಾರ ಹಾಸಿ ಕವಡೆ ಹಿಡಿದು ಕೂರುತ್ತಿದ್ದ. ಎಗ್ಗಿಲ್ಲದೆ ಮೋಸ ಮಾಡುತ್ತಿದ್ದ. ಅವನ ಜೊತೆ ಜಗಳಕ್ಕೆ ಬಿದ್ದು ಎಷ್ಟೋ ಸಲ ಹೊಟ್ಟೆ ತುಂಬಿದ್ದೇ ಮರೆತುಹೋಗುತ್ತಿತ್ತು. ಬೇಕಂತಲೇ ಮಾಡ್ತಿದ್ಯಾ ಅಂತ ಈಗ ಕೇಳಿದರೆ ಒಪ್ಪಲ್ಲ.

ಅಪ್ಪ ಮಾತಾಡುವ ಜನ ಅಲ್ಲ. ಹಳೇ ಚೂಡಿದಾರ್ ಬಿಗಿಯಾಗಿ ನಾನು ದಿನವಿಡೀ ರೂಮಿನಿಂದ ಹೊರಗೆ ಬರದ ಮಾರನೇ ದಿನ, ಬೀರುವಿನಲ್ಲಿ ಆ ಬಟ್ಟೆಗಳೇ ಇರಲಿಲ್ಲ. ಸಡಿಲವಾದ ಹೊಸ ಕುರ್ತಾಗಳಿದ್ದವು. ಕಾಲರ್ ಹತ್ತಿರ ಸೈಜಿನ ಚೀಟಿಯನ್ನು ಕತ್ತರಿಯಲ್ಲಿ ನೀಟಾಗಿ ಕತ್ತರಿಸಿ ತೆಗೆದಿದ್ದರು. ಅದನ್ನು ಅವರಿಗೆ ಯಾರೂ ಹೇಳಿಕೊಟ್ಟಿರಲಿಲ್ಲ.

ಅಜ್ಜಿಯದು ಇನ್ನೂ ದೊಡ್ಡದು. ಏಕಾದಶಿ, ಸಂಕಷ್ಟಿ, ಶನಿವಾರ ಅಂತ ನಾನು ದೇವರ ಹಿಂದೆ ಅಡಗಿಕೊಂಡು ಊಟ ತಪ್ಪಿಸುತ್ತಿದ್ದೆ. ಅಜ್ಜಿ ಮದುವೆಯಾದಾಗಿನಿಂದ ಏಕಾದಶಿ ಬಿಟ್ಟವಳಲ್ಲ. ನನಗೋಸ್ಕರ ಬಿಟ್ಟಳು. "ನಾನೂ ತಿಂತೀನಿ, ನೀನೂ ತಿನ್ನು. ದೇವರ ಹತ್ತಿರ ನಾನು ಮಾತಾಡ್ಕೋತೀನಿ" ಅಂದಳು. ಆಮೇಲೆ ಮಾತಾಡಿದಳೋ ಇಲ್ಲವೋ ಗೊತ್ತಿಲ್ಲ.

ಕಸಿನ್ ಮದುವೆಯಲ್ಲಿ ಸಿಕ್ಕಿದವರಲ್ಲಿ ಬಹಳ ಜನ "ಈಗ ಗುಂಡುಗುಂಡಗೆ ಎಷ್ಟು ಚೆನ್ನಾಗಿದ್ದೀಯ" ಅಂದರು. ಒಳ್ಳೆ ಮನಸ್ಸಿಂದಲೇ ಅಂದದ್ದು, ಗೊತ್ತು. ಆದರೆ ನನ್ನ ಕಿವಿಗೆ ಅದು ಹಾಗೆ ಕೇಳಿಸಲ್ಲ, ಆ ರಾತ್ರಿ ನಿದ್ದೆ ಬರಲ್ಲ. ದಯವಿಟ್ಟು ನನ್ನ ಮೈ ಬಿಟ್ಟು ಬೇರೆ ಏನಾದರೂ ಕೇಳಿ. ದೊಡ್ಡಮ್ಮ ಕೇಳಿದ ಹಾಗೆ. ಮಲ್ಲಿಗೆ ಬುಟ್ಟಿ ಮುಂದಿಟ್ಟು, "ಕಟ್ಟೋಕೆ ಬರುತ್ತಲ್ಲ? ಕೂತ್ಕೋ" ಅಂದರು, ಅಷ್ಟೇ. ಅವರ ಪಕ್ಕದ ಎಲೆಯಲ್ಲೇ ಕೂತು ಒಬ್ಬಟ್ಟು ತಿಂದೆ. ತುಪ್ಪ ಹಾಕಿಸಿಕೊಂಡೇ.

ಪೂರ್ತಿ ಗೆದ್ದೆ ಅಂತ ಹೇಳಲ್ಲ. ಮೂಳೆ ಗಟ್ಟಿಯಾಗೋಕೆ ಇನ್ನೂ ಸಮಯ ಬೇಕು. ಕನ್ನಡಿ ಮುಂದೆ ನಿಲ್ಲೋಕಾಗದ ಬೆಳಗುಗಳು ಈಗಲೂ ಇವೆ. ನಿಮ್ಮ ಮನೆಯಲ್ಲೂ ಯಾರಾದರೂ ಹೀಗೆ ಊಟ ತಪ್ಪಿಸುತ್ತಿದ್ದರೆ ಬೈಯೋಕೆ ಮುಂಚೆ ಡಾಕ್ಟರ್ ಹತ್ತಿರ ಕರಕೊಂಡು ಹೋಗಿ. ಯಾರನ್ನು ಕೇಳಬೇಕು ಅಂತಲೇ ತೋಚದಿದ್ದರೆ ಮನಸ್ಸಿನ ಕಷ್ಟಗಳಿಗೆ ಸರ್ಕಾರದ ಸಹಾಯವಾಣಿ ಟೆಲಿ ಮಾನಸ್ ಇದೆ, 14416. ಯಾವ ಹೊತ್ತಲ್ಲಾದರೂ ಫೋನ್ ಮಾಡಬಹುದು, ದುಡ್ಡಿಲ್ಲ, ಕನ್ನಡದಲ್ಲೇ ಮಾತಾಡಬಹುದು.

ಕೊನೆಗೆ, ನನ್ನ ಪಿಜಿ ರೂಮ್‌ಮೇಟ್. ಯಾರಿಗೂ ಹೇಳಬೇಡ ಅಂತ ಆಣೆ ಹಾಕಿಸಿಕೊಂಡಿದ್ದರೂ ಅಮ್ಮನಿಗೆ ಫೋನ್ ಮಾಡಿದವಳು. ನಿನ್ನ ನಂಬರ್ ಬ್ಲಾಕ್ ಮಾಡಿದ್ದೆ. ನೀನು ಮಾತ್ರ ತಮ್ಮನ ಕೈಲಿ ದಿನಾ ವಿಚಾರಿಸುತ್ತಿದ್ದೆಯಂತೆ. ಆಣೆ ಮುರಿದದ್ದಕ್ಕೆ ಥ್ಯಾಂಕ್ಸ್ ಕಣೇ. ಈ ಭಾನುವಾರ ದಾವಣಗೆರೆಗೆ ಬಾ, ಬೆಣ್ಣೆ ದೋಸೆ ನನ್ನ ಲೆಕ್ಕ. ಒಂದೇ ಕಂಡೀಷನ್, ನಾನು ತಿನ್ನುವಾಗ ನನ್ನ ತಟ್ಟೆ ನೋಡ್ತಾ ಕೂರಬಾರದು.