ಸೀಟು ಎತ್ತಿದರೆ ಸೈಕಲ್ ದೊಡ್ಡದಾಗಲ್ಲ, ಪುಟ್ಟ

ಪ್ರೀತಿಯ ಪುಟ್ಟ,

ನಿನ್ನ ಫೋಟೋ ಬಂತು. ನೀನು ಕೊಳ್ಳಲು ಹೊರಟಿರುವ ಆ ಸೈಕಲ್ಲಿಗೆ ಮುಂಗಡ ಕೊಡಬೇಡ, ನಿನ್ನ ಎತ್ತರಕ್ಕೆ ಅದು ಚಿಕ್ಕದು. ಮಿಕ್ಕಿದ್ದೆಲ್ಲ ಆಮೇಲೆ, ಮೊದಲು ಇದನ್ನು ಹೇಳಿಬಿಡುತ್ತೇನೆ. ಫೋನಿನಲ್ಲಿ ಮಾತಾಡಿದರೆ ಅಳತೆಗಳು ಯಾರಿಗೂ ನೆನಪಿರಲ್ಲ, ಅದಕ್ಕೇ ಕೂತು ಬರೆಯುತ್ತಿದ್ದೇನೆ. ಸೈಕಲ್ ನೋಡಲು ಹೋಗುವಾಗ ಈ ಪತ್ರ ಜೇಬಿನಲ್ಲಿರಲಿ.

ಅಪ್ಪ ಅಮ್ಮ ಚೆನ್ನಾಗಿದ್ದಾರೆ ಅಂತ ಬರೆದಿದ್ದೀಯ, ಸಮಾಧಾನ ಆಯಿತು. ನಾನೂ ಆರಾಮಾಗಿದ್ದೇನೆ. ನನಗೂ ಕೊನೆಗೆ ಒಂದು ಸೈಕಲ್ ಸಿಕ್ಕಿತು, ಅದರ ಕಥೆ ಮುಂದೆ ಹೇಳುತ್ತೇನೆ.

ಗೋಡೆಗೆ ಕೈಯೂರಿ ನೀನು ಸೈಕಲ್ ಮೇಲೆ ಕೂತಿರುವ ಆ ಫೋಟೋವನ್ನು ದೊಡ್ಡದು ಮಾಡಿ ನೋಡಿದೆ. ಸೀಟಿನ ಕೆಳಗಿನ ಕಂಬ, ಅಂದರೆ ಸೀಟ್ ಪೋಸ್ಟ್, ಫ್ರೇಮಿನಿಂದ ಒಂದು ಗೇಣಿಗಿಂತ ಜಾಸ್ತಿ ಮೇಲೆ ಬಂದಿದೆ. ಹ್ಯಾಂಡಲ್ ಮಾತ್ರ ಇದ್ದಲ್ಲೇ ಇದೆ, ಸೀಟಿಗಿಂತ ಎಷ್ಟೋ ಕೆಳಗೆ. ನಿನ್ನ ಬೆನ್ನು ಬಿಲ್ಲಿನ ಹಾಗೆ ಬಾಗಿದೆ. ಮುಂದೆ ನೋಡಬೇಕಲ್ಲ ಅಂತ ಕತ್ತನ್ನು ಎತ್ತಿ ಹಿಡಿದಿದ್ದೀಯ. ಮೊಣಕಾಲು ಮೇಲೆ ಬಂದಾಗ ಮೊಣಕೈಗೆ ತಾಗುವಷ್ಟು ಹತ್ತಿರ ಇದೆ. ಗೋಡೆ ಪಕ್ಕ ಐದು ನಿಮಿಷ ಹೀಗೆ ಕೂರಬಹುದು. ಎರಡು ಗಂಟೆ ಓಡಿಸಿದರೆ ಕತ್ತು, ಸೊಂಟ, ಅಂಗೈ ಮೂರೂ ಹಿಡಿದುಕೊಳ್ಳುತ್ತವೆ.

'ಸೀಟು ಎತ್ತಿದರೆ ಸರಿಹೋಗುತ್ತೆ' ಅಂತ ಮಾರುವವರು ಹೇಳಿದರು ಅಂದೆ. ಎತ್ತರದವರಿಗೆಲ್ಲ ಹೇಳುವ ಮಾತೇ ಇದು. ಸೀಟು ಎತ್ತಿದರೆ ಕಾಲಿಗೆ ಜಾಗ ಸಿಗುತ್ತದೆ, ಅಷ್ಟೇ. ಹ್ಯಾಂಡಲ್ ಮೇಲೆ ಬರಲ್ಲ. ಸೀಟಿನಿಂದ ಹ್ಯಾಂಡಲ್ಲಿಗೆ ಇರುವ ದೂರವೂ ಬೇಕಾದಷ್ಟು ಹೆಚ್ಚಲ್ಲ. ಇನ್ನೊಂದು ವಿಷಯ ಇದೆ, ಅದನ್ನು ಯಾರೂ ಗಮನಿಸಲ್ಲ. ಸೀಟ್ ಪೋಸ್ಟ್ ನೇರ ಮೇಲಕ್ಕೆ ಹೋಗಲ್ಲ, ಹಿಂದಕ್ಕೆ ವಾಲಿಕೊಂಡು ಹೋಗುತ್ತದೆ. ಎತ್ತಿದಷ್ಟೂ ನೀನು ಹಿಂದಿನ ಚಕ್ರದ ಮೇಲೆ ಹೋಗಿ ಕೂರುತ್ತೀಯ. ದಿಣ್ಣೆ ಹತ್ತುವಾಗ ಮುಂದಿನ ಚಕ್ರ ಹಗುರಾಗಿ ಆಚೀಚೆ ಆಡುತ್ತದೆ.

ಜೊತೆಗೆ ಅಪಾಯವೂ ಇದೆ. ಸೀಟ್ ಪೋಸ್ಟ್ ಮೇಲೆ ಒಂದು ಗೆರೆ ಕೊರೆದಿರುತ್ತಾರೆ, ಕನಿಷ್ಠ ಅಷ್ಟಾದರೂ ಫ್ರೇಮಿನ ಒಳಗೆ ಇರಬೇಕು ಅಂತ. ಆ ಗೆರೆ ಹೊರಗೆ ಕಾಣಿಸಿದರೆ ಆ ಸೈಕಲ್ ಹತ್ತಲೇಬೇಡ. ಉದ್ದದ ಸೀಟ್ ಪೋಸ್ಟ್ ಸಿಗುತ್ತದೆ, ನಿಜ. ಸಾಮಾನ್ಯವಾಗಿ 350 ಮಿ.ಮೀ., ಹುಡುಕಿದರೆ 400 ಮಿ.ಮೀ. ಆದರೆ ಮೇಲೆ ನಿನ್ನಂಥ ದೊಡ್ಡ ಆಳು ಕೂತಾಗ ಅದು ಸನ್ನೆಗೋಲಿನಂತೆ ಕೆಲಸ ಮಾಡಿ ಫ್ರೇಮಿನ ಬಾಯಿಯನ್ನು ಮೀಟುತ್ತದೆ. ಸೀಟಿನ ಕ್ಲ್ಯಾಂಪ್ ಇರುವಲ್ಲಿ ಫ್ರೇಮು ಬಿರುಕು ಬಿಡುವುದು ಹೀಗೆಯೇ.

ಈಗ ಅಳತೆಗೆ ಬರೋಣ. ನೀನು ಆರು ಅಡಿ ಆರು ಇಂಚು, ನಾನು ಆರು ಅಡಿ ಐದು ಇಂಚು. ಆದರೆ ನಿಂತ ಎತ್ತರದಿಂದ ಸೈಕಲ್ ಅಳತೆ ಪೂರ್ತಿ ಗೊತ್ತಾಗಲ್ಲ. ಒಂದೇ ಎತ್ತರದ ಇಬ್ಬರಲ್ಲಿ ಒಬ್ಬರಿಗೆ ಕಾಲು ಉದ್ದ ಇರುತ್ತದೆ, ಇನ್ನೊಬ್ಬರಿಗೆ ಮೈ ಉದ್ದ ಇರುತ್ತದೆ. ಅದಕ್ಕೆ ಕಾಲಿನ ಒಳ ಅಳತೆ ಬೇಕು. ಬರಿಗಾಲಲ್ಲಿ ಗೋಡೆಗೆ ಬೆನ್ನು ಕೊಟ್ಟು ನಿಲ್ಲು. ಒಂದು ದಪ್ಪ ರಟ್ಟಿನ ಪುಸ್ತಕವನ್ನು ಕಾಲ ಮಧ್ಯೆ ಇಟ್ಟು, ಸೀಟಿನ ಮೇಲೆ ಕೂತಾಗ ಎಷ್ಟು ಒತ್ತುತ್ತೋ ಅಷ್ಟು ಮೇಲಕ್ಕೆ ಒತ್ತು. ಪುಸ್ತಕದ ಒಂದು ಅಂಚು ಗೋಡೆಗೆ ಪೂರ್ತಿ ತಾಗಿರಬೇಕು. ಅದರ ಮೇಲಂಚಿಗೆ ಅಪ್ಪ ಪೆನ್ಸಿಲ್ಲಿನಲ್ಲಿ ಗುರುತು ಹಾಕಲಿ. ನೆಲದಿಂದ ಆ ಗುರುತಿಗೆ ಟೇಪ್ ಹಿಡಿಯಿರಿ. ಎರಡು ಮೂರು ಸಲ ತೆಗೆಯಿರಿ, ಒಂದೇ ಲೆಕ್ಕ ಬರಬೇಕು. ಬಟ್ಟೆ ಹೊಲಿಸಲು ದರ್ಜಿ ತೆಗೆಯುವ ಅಳತೆ ಇದಲ್ಲ, ಅದು ಕಡಿಮೆ ಬರುತ್ತದೆ.

ನನಗೆ 94 ಸೆಂ.ಮೀ. ಬಂತು. ಅದನ್ನು 0.883ರಿಂದ ಗುಣಿಸಿದರೆ 83 ಸೆಂ.ಮೀ. ಪೆಡಲಿನ ಕ್ರ್ಯಾಂಕು ತಿರುಗುವ ನಡುಬಿಂದುವಿನಿಂದ ಸೀಟಿನ ಮೇಲ್ಭಾಗಕ್ಕೆ ಸುಮಾರು ಅಷ್ಟು ಇರಬೇಕು. ಈ ಲೆಕ್ಕ ಅಮೆರಿಕದ ರೇಸ್ ಸವಾರ ಗ್ರೆಗ್ ಲೆಮಾಂಡ್ ಕಾಲದಿಂದ ಎಲ್ಲರ ಬಾಯಲ್ಲೂ ಇದೆ. ಆಮೇಲೆ ಅರ್ಧ ಸೆಂಟಿಮೀಟರ್ ಮೇಲೆ ಕೆಳಗೆ ಮಾಡಿಕೊಳ್ಳುವುದು ನಿನ್ನ ಮೊಣಕಾಲು ಹೇಳಿದ ಹಾಗೆ. ಈಗ ನೋಡು, ಸೀಟ್ ಟ್ಯೂಬ್, ಅಂದರೆ ಸೀಟ್ ಪೋಸ್ಟ್ ಇಳಿಯುವ ಕೊಳವೆ, 53 ಸೆಂ.ಮೀ. ಇರುವ ಫ್ರೇಮಿನಲ್ಲಿ ನಾನು ಕೂರಬೇಕಾದರೆ ಮಿಕ್ಕ 30 ಸೆಂ.ಮೀ. ಸೀಟು ಮತ್ತು ಪೋಸ್ಟಿನಿಂದಲೇ ಬರಬೇಕು. ನಿನಗೆ ಇನ್ನೂ ಜಾಸ್ತಿ. ಫೋಟೋದಲ್ಲಿ ಆಗಿರುವುದು ಇದೇ.

ಫ್ರೇಮಿನ ಮೇಲೆ ಎಕ್ಸ್‌ಎಲ್ ಅಂತ ಬರೆದಿದೆ ಅಂದೆಯಲ್ಲ, ಅದನ್ನು ನಂಬಬೇಡ. ಒಂದು ಕಂಪನಿಯ ಎಕ್ಸ್‌ಎಲ್ ಇನ್ನೊಂದು ಕಂಪನಿಯ ಎಲ್ ಆಗಿರುತ್ತದೆ. 58, 60 ಅಂತ ಬರೆದಿರುವ ನಂಬರುಗಳೂ ಹಾಗೇ. ಕೆಲವರು ಸೀಟ್ ಟ್ಯೂಬಿನ ತುದಿಯವರೆಗೆ ಅಳೆಯುತ್ತಾರೆ, ಕೆಲವರು ಮೇಲಿನ ಅಡ್ಡ ಕೊಳವೆಯಾದ ಟಾಪ್ ಟ್ಯೂಬಿನ ನಡುವಿನವರೆಗೆ. ನೀನು ಕೇಳಬೇಕಾದ್ದು ಎರಡೇ ಅಳತೆ, ಸ್ಟ್ಯಾಕ್ ಮತ್ತು ರೀಚ್. ಕ್ರ್ಯಾಂಕಿನ ನಡುಬಿಂದುವಿನಿಂದ ಹೆಡ್ ಟ್ಯೂಬಿನ, ಅಂದರೆ ಹ್ಯಾಂಡಲ್ ಕೆಳಗಿರುವ ಫ್ರೇಮಿನ ಮುಂದಿನ ಕೊಳವೆಯ, ತಲೆ ಎಷ್ಟು ಮೇಲಿದೆ ಅನ್ನುವುದು ಸ್ಟ್ಯಾಕ್. ಅದೇ ನಡುಬಿಂದುವಿನಿಂದ ಅಡ್ಡಕ್ಕೆ ಎಷ್ಟು ಮುಂದಿದೆ ಅನ್ನುವುದು ರೀಚ್. ಮಾಮೂಲಿ ಮಧ್ಯಮ ಸೈಜಿನಲ್ಲಿ ಸ್ಟ್ಯಾಕ್ 550ರಿಂದ 575 ಮಿ.ಮೀ., ರೀಚ್ 380ರಿಂದ 390 ಮಿ.ಮೀ. ಇರುತ್ತದೆ. ನಮ್ಮಂಥವರು ಸ್ಟ್ಯಾಕ್ 630ರಿಂದ ಮೇಲೆ, ರೀಚ್ 400ರಿಂದ ಮೇಲೆ ಹುಡುಕಬೇಕು. ರೇಸಿಗೆ ಅಂತ ಮಾಡಿದ ಫ್ರೇಮುಗಳಲ್ಲಿ ಹ್ಯಾಂಡಲ್ ತಗ್ಗಿಸುವುದೇ ಗುರಿ, ಅಲ್ಲಿ ಇಷ್ಟು ಸ್ಟ್ಯಾಕ್ ಸಿಗುವುದು ಕಷ್ಟ. ಎಂಡ್ಯೂರೆನ್ಸ್ ಅಂತ ಬರುವ ದೂರ ಪ್ರಯಾಣದ ರೋಡ್ ಸೈಕಲ್ಲುಗಳ ದೊಡ್ಡ ಸೈಜು ನೋಡು. ಹೆಡ್ ಟ್ಯೂಬೇ 20 ಸೆಂ.ಮೀ. ದಾಟಿದ್ದರೆ ಅದು ಒಳ್ಳೆ ಸೂಚನೆ.

ಯಾಕೆ ಹೀಗೆ, ನಮ್ಮ ಸೈಜು ಯಾಕೆ ಯಾರ ಹತ್ತಿರವೂ ಇರಲ್ಲ ಅಂತ ನನಗೂ ಬೇಜಾರಾಗುತ್ತಿತ್ತು. ಹಿಂದೆ ಸ್ಟೀಲ್ ಫ್ರೇಮುಗಳ ಕಾಲದಲ್ಲಿ ಟಾಪ್ ಟ್ಯೂಬ್ ನೆಲಕ್ಕೆ ಸಮವಾಗಿರುತ್ತಿತ್ತು. ಒಂದೆರಡು ಸೆಂಟಿಮೀಟರ್ ವ್ಯತ್ಯಾಸಕ್ಕೆ ಒಂದೊಂದು ಸೈಜು ಮಾಡುತ್ತಿದ್ದರು. 62, 64 ಕೂಡ ಸಿಗುತ್ತಿದ್ದವು. 1990ರ ದಶಕದ ಕೊನೆಗೆ ಮೈಕ್ ಬರೋಸ್ ಅನ್ನುವ ಇಂಗ್ಲಿಷ್ ವಿನ್ಯಾಸಕಾರರು ಜೈಂಟ್ ಕಂಪನಿಗೆ ಟಿಸಿಆರ್ ಅನ್ನುವ ಸೈಕಲ್ ಮಾಡಿಕೊಟ್ಟರು. ಅದರ ಟಾಪ್ ಟ್ಯೂಬ್ ಹಿಂದಕ್ಕೆ ಇಳಿಜಾರು. ಫ್ರೇಮು ಚಿಕ್ಕದು, ಹಗುರ, ಗಟ್ಟಿ. ಸೀಟ್ ಪೋಸ್ಟ್ ಮತ್ತು ಹ್ಯಾಂಡಲ್ ಹಿಡಿದಿರುವ ತುಂಡಾದ ಸ್ಟೆಮ್ ಬದಲಾಯಿಸಿದರೆ ಕೆಲವೇ ಸೈಜುಗಳಲ್ಲಿ ಹೆಚ್ಚಿನವರಿಗೆ ಹೊಂದುತ್ತಿತ್ತು. ಒಳ್ಳೆಯ ಯೋಚನೆಯೇ, ಉಳಿದವರೂ ಅದೇ ದಾರಿ ಹಿಡಿದರು. ಆದರೆ ಆ 'ಹೆಚ್ಚಿನವರು' ಅನ್ನುವ ಲೆಕ್ಕದ ಹೊರಗೆ ಉಳಿದವರು ತೀರಾ ಕುಳ್ಳಗಿರುವವರು ಮತ್ತು ನಾವು. ಅಂಗಡಿಯವರನ್ನೂ ಬೈಯುವ ಹಾಗಿಲ್ಲ. ವರ್ಷಕ್ಕೊಬ್ಬ ಬರುವ ಗಿರಾಕಿಗೆ ಅಂತ ದುಡ್ಡು ಹಾಕಿ ಸೈಕಲ್ ತಂದು ನಿಲ್ಲಿಸುವುದು ಅವರಿಗೂ ಕಷ್ಟ, ಅಲ್ವಾ?

ಕಡಿಮೆ ದುಡ್ಡಿನವರಿಗೆ ದಾರಿ ಇರುವುದೂ ಇದರಲ್ಲೇ. ದೊಡ್ಡ ಫ್ರೇಮು ಅಪರೂಪ, ಅದನ್ನು ಕೊಳ್ಳುವವರು ಇನ್ನೂ ಅಪರೂಪ. ಸೆಕೆಂಡ್ ಹ್ಯಾಂಡ್‌ನಲ್ಲಿ ಮಧ್ಯಮ ಸೈಜಿನದು ಎರಡು ದಿನಕ್ಕೆ ಹೋಗಿಬಿಡುತ್ತದೆ, ನಮ್ಮ ಸೈಜಿನದು ಮೂಲೆಯಲ್ಲಿ ಧೂಳು ಹಿಡಿದು ನಿಂತಿರುತ್ತದೆ. ನನಗೆ ಸಿಕ್ಕಿದ್ದು ಹಾಗೇ. ಮಾರುತ್ತಿದ್ದವರು ವಯಸ್ಸಾದವರು, ನನ್ನಷ್ಟೇ ಎತ್ತರ. ಬಾಗಿಲು ತೆರೆದು ನನ್ನನ್ನು ತಲೆಯಿಂದ ಕಾಲಿನವರೆಗೆ ನೋಡಿ, ಬೆಲೆ ಮಾತಾಡುವ ಮೊದಲೇ ಒಳಗೆ ಹೋಗಿ ಸೀಟಿನ ಬೋಲ್ಟಿಗೆ ಹಾಕುವ ಕೀ ತಂದರು. ಬಂದವರೆಲ್ಲ ಟಾಪ್ ಟ್ಯೂಬಿನ ಮೇಲೆ ಕಾಲು ಹಾಕಲಾಗದೆ ವಾಪಸ್ ಹೋಗಿದ್ದರಂತೆ.

1980ರ ದಶಕದ ಸ್ಟೀಲ್ ಫ್ರೇಮು, ಸೀಟ್ ಟ್ಯೂಬ್ 63 ಸೆಂ.ಮೀ. ನಾನು ಮೊದಲು ಮಾಡಿದ ಕೆಲಸ ಬೋಲ್ಟ್ ಸಡಿಲಿಸಿ ಸೀಟ್ ಪೋಸ್ಟ್ ಅಲ್ಲಾಡಿಸಿ ನೋಡಿದ್ದು. ಸ್ಟೀಲ್ ಫ್ರೇಮಿನೊಳಗೆ ಅಲ್ಯೂಮಿನಿಯಂ ಪೋಸ್ಟ್ ವರ್ಷಗಟ್ಟಲೆ ಹಾಗೇ ಇದ್ದರೆ ಒಳಗೇ ಕಚ್ಚಿಕೊಂಡುಬಿಡುತ್ತದೆ. ಅದನ್ನು ತೆಗೆಯುವ ಖರ್ಚಿನಲ್ಲಿ ಇನ್ನೊಂದು ಫ್ರೇಮು ಬಂದೀತು. ಇದು ಸ್ವಲ್ಪ ಕಿರ್ ಅಂದು ಮೇಲೆ ಬಂತು, ಒಳಗಿದ್ದ ಭಾಗಕ್ಕೆ ಹಳೇ ಗ್ರೀಸ್ ಕಪ್ಪಗೆ ಅಂಟಿತ್ತು. ಅವರು ಸೈಕಲ್ಲನ್ನು ಚೆನ್ನಾಗಿ ನೋಡಿಕೊಂಡಿದ್ದಾರೆ ಅಂತ ಆಗಲೇ ಗೊತ್ತಾಯಿತು. ಟಾರ್ಚ್ ಹಾಕಿ ಟ್ಯೂಬಿನ ಒಳಗೆ ನೋಡಿದೆ, ಮೇಲ್ಮೇಲೆ ಕಂದು ಬಣ್ಣ ಅಷ್ಟೇ, ಪದರ ಪದರ ಏಳುವ ತುಕ್ಕು ಇರಲಿಲ್ಲ. ಹೆಡ್ ಟ್ಯೂಬಿನ ಕೆಳಗಿನ ಬೆಸುಗೆ ಹತ್ತಿರ ಬೆರಳಾಡಿಸಿದೆ. ಮುಂದಿನಿಂದ ಎಲ್ಲಾದರೂ ಗುದ್ದಿಸಿಕೊಂಡಿದ್ದರೆ ಅಲ್ಲಿ ಬಣ್ಣ ಸುಕ್ಕಾಗಿರುತ್ತದೆ, ಟ್ಯೂಬ್ ಉಬ್ಬಿರುತ್ತದೆ. ಇದರಲ್ಲಿ ನುಣ್ಣಗಿತ್ತು.

ಹಳೇ ಸೈಕಲ್ಲಿನ ಇನ್ನೊಂದು ಅನುಕೂಲ, ಅದರ ಸ್ಟೆಮ್ಮು ಮುಂದಿನ ಚಕ್ರ ಹಿಡಿದಿರುವ ಫೋರ್ಕಿನ ಒಳಗೆ ಇಳಿದಿರುತ್ತದೆ. ಬೋಲ್ಟ್ ಸಡಿಲಿಸಿ ಹ್ಯಾಂಡಲ್ಲನ್ನು ಮೇಲೆತ್ತಬಹುದು. ಅದಕ್ಕೂ ಕನಿಷ್ಠ ಗೆರೆ ಇದೆ, ನೆನಪಿರಲಿ. ಹೊಸ ಕಾಲದ ಸೈಕಲ್ಲಿನಲ್ಲಿ ಇದು ಆಗಲ್ಲ. ಫೋರ್ಕಿನ ಮೇಲಿನ ಕೊಳವೆ, ಅಂದರೆ ಸ್ಟೀರರ್, ಮೊದಲ ಮಾಲೀಕರು ಎಷ್ಟಕ್ಕೆ ಕತ್ತರಿಸಿರುತ್ತಾರೋ ಅಷ್ಟೇ. ಕತ್ತರಿಸಿದ್ದನ್ನು ಮತ್ತೆ ಉದ್ದ ಮಾಡಲಾಗಲ್ಲ. ಹಾಗಾಗಿ ನೀನು ಹೊಸ ಬಗೆಯದು ನೋಡಿದರೆ ಸ್ಟೆಮ್ಮಿನ ಕೆಳಗೆ ಸ್ಪೇಸರ್ ಉಂಗುರಗಳು ಎಷ್ಟಿವೆ ಅಂತ ನೋಡು. ಸ್ಟೀರರ್ ಕಾರ್ಬನ್ನಿನದಾದರೆ 30–40 ಮಿ.ಮೀ.ಗಿಂತ ಜಾಸ್ತಿ ಸ್ಪೇಸರ್ ಇಡಲು ತುಂಬಾ ಕಂಪನಿಗಳು ಒಪ್ಪಲ್ಲ.

ನನ್ನದರಲ್ಲಿ 27 ಇಂಚಿನ ಚಕ್ರಗಳಿದ್ದವು, ಆ ಅಳತೆಯ ಒಳ್ಳೆ ಟೈರು ಈಗ ಕಡಿಮೆ. ಈಗಿನ 700ಸಿ ಚಕ್ರ ಹಾಕಿಸಿದೆ. ರಿಮ್ಮಿನ ವ್ಯಾಸ 630ರಿಂದ 622 ಮಿ.ಮೀ.ಗೆ ಇಳಿಯುತ್ತದೆ. ಅಂದರೆ ಬ್ರೇಕ್ ರಬ್ಬರು 4 ಮಿ.ಮೀ. ಕೆಳಗೆ ಬರಬೇಕು. ಬ್ರೇಕಿನ ಕೈ ಅಷ್ಟು ಉದ್ದ ಇತ್ತು, ಸರಿಹೋಯಿತು. ಆ ಜಾಗ ಉಳಿದಿದ್ದರಿಂದ 32 ಮಿ.ಮೀ. ಟೈರು ಆರಾಮಾಗಿ ಕೂತಿತು. ಹಿಂದಿನ ಚಕ್ರ ಕೂರುವ ಅಗಲ 126 ಮಿ.ಮೀ. ಇತ್ತು, ಹೊಸ ಚಕ್ರದ ನಡುವಿನ ಹಬ್‌ಗೆ 130 ಬೇಕು. ಫ್ರೇಮಿನ ಕೆಲಸ ಬಲ್ಲವರ ಹತ್ತಿರ ಕೊಟ್ಟು ಅಗಲ ಮಾಡಿಸಿದೆ. ಸ್ಟೀಲಿನಲ್ಲಿ ಮಾತ್ರ ಇದು ಸಾಧ್ಯ. ಅಲ್ಯೂಮಿನಿಯಂ, ಕಾರ್ಬನ್ ಎರಡನ್ನೂ ಹೀಗೆ ಎಳೆಯಬಾರದು, ಮುರಿಯುತ್ತವೆ.

ದುಡ್ಡು ಉಳಿದರೆ ಚಕ್ರಕ್ಕೆ ಹಾಕು. ಎತ್ತರದವರ ತೂಕವೂ ಜಾಸ್ತಿ, ಅದೂ ಹಿಂದಿನ ಚಕ್ರದ ಮೇಲೆ. 20, 24 ಕಡ್ಡಿಗಳ ತೆಳು ಚಕ್ರ ನೋಡಲು ಚಂದ. ನಿನಗೆ 32 ಕಡ್ಡಿ ಇರಲಿ, ಹಿಂದೆ 36 ಇದ್ದರೆ ಇನ್ನೂ ಒಳ್ಳೆಯದು. ಟೈರು 28 ಮಿ.ಮೀ.ಗಿಂತ ಕಡಿಮೆ ಬೇಡ. ಕ್ರ್ಯಾಂಕಿನ ಉದ್ದಕ್ಕೆ ತಲೆ ಕೆಡಿಸಿಕೊಳ್ಳಬೇಡ. ದೊಡ್ಡ ಫ್ರೇಮಿಗೆ 175 ಮಿ.ಮೀ. ಬಂದೇ ಬರುತ್ತದೆ, 180 ಹುಡುಕಲು ಹೋದರೆ ಖರ್ಚು ಏರುತ್ತದೆ. ಹ್ಯಾಂಡಲ್ ಅಗಲ 44 ಸೆಂ.ಮೀ. ಇದ್ದರೆ ಭುಜಕ್ಕೆ ಹಿತ. ಗೇರು ಒಂದೆರಡು ಕಡಿಮೆ ಇದ್ದರೂ ಪರವಾಗಿಲ್ಲ. ಅವೆಲ್ಲ ಮುಂದೆ ಯಾವಾಗ ಬೇಕಾದರೂ ಬದಲಾಯಿಸಬಹುದು, ಫ್ರೇಮಿನ ಅಳತೆ ಬದಲಾಯಿಸಲಾಗಲ್ಲ.

ಒಂದು ಎಚ್ಚರಿಕೆ. ದೊಡ್ಡ ಫ್ರೇಮಿನ ಟ್ಯೂಬುಗಳು ಉದ್ದ, ಅದಕ್ಕೇ ಇಳಿಜಾರಿನಲ್ಲಿ ಜೋರಾಗಿ ಹೋಗುವಾಗ ಕೆಲವೊಮ್ಮೆ ಸೈಕಲ್ ಗಡಗಡ ನಡುಗಲು ಶುರುವಾಗುತ್ತದೆ. ಹಾಗಾದರೆ ಗಾಬರಿಯಾಗಿ ಹ್ಯಾಂಡಲ್ ಬಿಗಿ ಹಿಡಿಯಬೇಡ. ಒಂದು ಮೊಣಕಾಲನ್ನು ಟಾಪ್ ಟ್ಯೂಬಿಗೆ ಒತ್ತು, ಕೈ ಸಡಿಲ ಬಿಡು, ಮೆಲ್ಲಗೆ ಬ್ರೇಕ್ ಹಾಕು. ನಿಲ್ಲುತ್ತದೆ. ಈ ಭಾಗ ಅಮ್ಮನಿಗೆ ಓದಿ ಹೇಳಬೇಡ, ಸುಮ್ನೆ ಹೆದರುತ್ತಾಳೆ.

ಅಮ್ಮನಿಗೆ ಓದಬೇಕಾದ್ದು ಇದು. 'ಇಷ್ಟು ಉದ್ದದ ಹುಡುಗನಿಗೆ ಆ ತೆಳು ಸೈಕಲ್ ಯಾಕೆ' ಅಂತ ಕೇಳಿದಳಂತಲ್ಲ. ಐರ್ಲೆಂಡಿನಲ್ಲಿ ಕಾನರ್ ಡನ್ ಅನ್ನುವ ರೇಸ್ ಸವಾರರಿದ್ದರು. ಎತ್ತರ 2.04 ಮೀಟರ್, ನಿನಗಿಂತ ಎರಡು ಇಂಚು ಜಾಸ್ತಿಯೇ. 2018ರಲ್ಲಿ ತಮ್ಮ ದೇಶದ ರೋಡ್ ರೇಸ್ ಚಾಂಪಿಯನ್ ಆದರು. ಐದು ಸಲ ಟೂರ್ ದ ಫ್ರಾನ್ಸ್ ಗೆದ್ದ ಮಿಗೆಲ್ ಇಂಡುರೈನ್ ಕೂಡ ಆರು ಅಡಿ ದಾಟಿದ್ದವರು. ಎತ್ತರ ತೊಂದರೆ ಅಲ್ಲ ಅಮ್ಮ, ಅಳತೆ ಸರಿ ಇಲ್ಲದ ಸೈಕಲ್ಲೇ ತೊಂದರೆ.

ಈಗ ನೀನು ಮಾಡಬೇಕಾದ್ದು. ಕಾಲಿನ ಒಳ ಅಳತೆ ತೆಗೆದು ಕಳಿಸು. ಕೈ ಉದ್ದವನ್ನೂ ಕಳಿಸು, ಭುಜದ ಮೂಳೆಯಿಂದ ಮುಷ್ಟಿ ಹಿಡಿದ ಬೆರಳಿನವರೆಗೆ. ಇನ್ನೊಂದು ಸೈಕಲ್ ನೋಡಿದ್ದೇನೆ, ಹಸಿರು ಬಣ್ಣದ್ದು ಅಂದೆಯಲ್ಲ, ಅದರ ಹೆಡ್ ಟ್ಯೂಬಿನ ಪಕ್ಕ ಟೇಪ್ ಹಿಡಿದು ಫೋಟೋ ತೆಗಿ. ಕ್ರ್ಯಾಂಕಿನ ಹತ್ತಿರ, ಫ್ರೇಮಿನ ಅಡಿಯಲ್ಲಿ ಒತ್ತಿರುವ ನಂಬರಿನ ಫೋಟೋವೂ ಬೇಕು. ಮಾಡೆಲ್ ಯಾವುದು ಅಂತ ಗೊತ್ತಾದರೆ ಸ್ಟ್ಯಾಕು, ರೀಚು ನಾನೇ ಹುಡುಕಿ ತಿಳಿಸುತ್ತೇನೆ. ಅದು ಬರುವವರೆಗೆ ಮಾರುವವರಿಗೆ ಹೌದು ಅಂತಲೂ ಹೇಳಬೇಡ, ಬೇಡ ಅಂತಲೂ ಹೇಳಬೇಡ. ನಮ್ಮ ಸೈಜಿನದಾದರೆ ಅದು ಅಲ್ಲೇ ಇರುತ್ತದೆ.

ಅಪ್ಪ ಅಮ್ಮನಿಗೆ ನನ್ನ ನಮಸ್ಕಾರ ತಿಳಿಸು.

ನಿನ್ನ ಪ್ರೀತಿಯ ಅಣ್ಣ