ಭಾನುವಾರದ ಮಾತುಕತೆ: ತಪ್ಪು ಕೋಚ್‌ದಾ, ನಮ್ಮದಾ?

ಎಲ್ಲರಿಗೂ ನಮಸ್ಕಾರ. ಭಾನುವಾರ ಸಂಜೆ 5 ಗಂಟೆಗೆ ನಮ್ಮ ಹಾಕಿ ತಂಡದ ಅಭ್ಯಾಸ ಇಲ್ಲ, ಮಾತುಕತೆ ಇದೆ. ಆಟಗಾರರು, ಕೋಚ್‌ಗಳು ಎಲ್ಲರೂ ಬರಬೇಕು.

ಸೋತಾಗೆಲ್ಲ ಈ ಗುಂಪಿನಲ್ಲಿ 'ಕೋಚ್ ಬದಲಿಸಿ' ಅನ್ನೋ ಮಾತು ಜಾಸ್ತಿ ಆಗಿದೆ. ಕಳೆದ ಪಂದ್ಯದ ವಿಡಿಯೊ ಮತ್ತೆ ನೋಡಿದೆ. ಪೆನಾಲ್ಟಿ ಕಾರ್ನರ್‌ನಲ್ಲಿ (ಎದುರಾಳಿ ತಪ್ಪು ಮಾಡಿದಾಗ ಸಿಗುವ ಗೋಲಿನ ಅವಕಾಶ) ಚೆಂಡು ತಳ್ಳಿದ್ದು ಸರಿಯಾಗೇ ಇತ್ತು. ಗೋಲಿನ ಮುಂದಿನ ವೃತ್ತದ ಹೊರಗೆ ಅದನ್ನು ನಿಲ್ಲಿಸಬೇಕಾದವರ ಸ್ಟಿಕ್ ಕೆಳಗಿಂದ ಚೆಂಡು ಜಾರಿಹೋಯಿತು. ನಾನೇ ಅದು! ಇದು ಕೋಚ್ ತಪ್ಪಲ್ಲ, ಅಲ್ವಾ? ಆದರೆ ಹಸಿರು ಕಾರ್ಡ್ ಬಿದ್ದು ಒಬ್ಬರು 2 ನಿಮಿಷ ಹೊರಗೆ ಕೂತಾಗ ಉಳಿದ 10 ಜನ ಹೇಗೆ ನಿಲ್ಲಬೇಕು ಅಂತ ನಮಗೆ ಯಾರೂ ಹೇಳಿಕೊಟ್ಟಿರಲಿಲ್ಲ. ಅದು ಕೋಚ್‌ಗಳ ಲೆಕ್ಕಕ್ಕೆ.

ಬರುವ ಮೊದಲು ಆ ವಿಡಿಯೊದಲ್ಲಿ ಕೊನೆಯ ಕ್ವಾರ್ಟರ್‌ನ (ಪಂದ್ಯದ ನಾಲ್ಕನೇ ಭಾಗ) 15 ನಿಮಿಷ ನೋಡಿ. ನಿಮ್ಮದೇ ಒಂದು ತಪ್ಪು ಬರೆದು ತನ್ನಿ, ಬೇರೆಯವರದ್ದು ಬೇಡ. ಬರುವವರು ಶುಕ್ರವಾರದೊಳಗೆ ಇಲ್ಲೇ ಹೆಸರು ಹಾಕಿ. ಸುಮ್ನೆ ಹೆಬ್ಬೆರಳಿನ ಇಮೋಜಿ ಒತ್ತಿದರೆ ಲೆಕ್ಕಕ್ಕಿಲ್ಲ.