ರಾತ್ರಿ ಎಂಟಕ್ಕೆ ಕೈಕೊಡುವ ವೈಫೈ: ಅಳಿಯನಿಗೆ ಮಾವನ ಪತ್ರ

ಪುಟ್ಟಾ,

ನಿನ್ನೆ ರಾತ್ರಿ ಅಕ್ಕ, ಅಂದರೆ ನಿನ್ನಮ್ಮ, ಫೋನ್ ಮಾಡಿದ್ದಳು. ಮಾತಿನ ಮಧ್ಯೆ ನಿಮ್ಮನೆ ಟಿವಿ ಕಥೆಯೂ ಬಂತು. ಎಂಟು ಗಂಟೆಗೆ ಧಾರಾವಾಹಿ ಹಾಕಿಕೊಂಡು ಕೂತರೆ ಹತ್ತೇ ನಿಮಿಷಕ್ಕೆ ಉಂಗುರ ತಿರುಗಲು ಶುರುವಂತೆ, ಆಮೇಲೆ ನೆಟ್‌ವರ್ಕ್ ಇಲ್ಲ ಅಂತ ಬರುತ್ತದಂತೆ. ನೀನು ಆಗಲೇ ಹೊಸ ರೂಟರ್ ತಂದಾಯಿತು, ನೆಟ್ ಕೊಡುವವರ ಹತ್ತಿರ ಜಗಳವೂ ಆಯಿತು, ಪ್ಲಾನ್ ದೊಡ್ಡದು ಮಾಡಿಸಿದ್ದೂ ಆಯಿತು. ಈಗ ಟಿವಿಯ ಹಿಂದೆ ಸಿಕ್ಕಿಸಿ ನೆಟ್‌ನಿಂದ ಧಾರಾವಾಹಿ ತೋರಿಸುವ ಆ ಸ್ಟಿಕ್ಕನ್ನೇ ಎಸೆದು ಬೇರೆ ತರುತ್ತೇನೆ ಅಂತ ಕೂತಿದ್ದೀಯಂತೆ. ಸ್ವಲ್ಪ ತಡಿ ಮಾರಾಯ. ಫೋನಲ್ಲಿ ಹೇಳಿದರೆ "ಹೂಂ ಮಾವ, ಹೂಂ ಮಾವ" ಅಂದು ಮರೆತುಬಿಡುತ್ತೀಯ, ಅದಕ್ಕೇ ಬರೆಯುತ್ತಿದ್ದೇನೆ.

ನಾನು ಟೆಲಿಫೋನ್ ಲೈನಿನಲ್ಲಿ ಕೆಲಸ ಮಾಡುವಾಗ, ಯಾರದ್ದಾದರೂ ಫೋನ್ ಸತ್ತಿದೆ ಅಂತ ಕಂಪ್ಲೇಂಟ್ ಬಂದರೆ ನಾವು ಸೀದಾ ಹೋಗಿ ಕಂಬ ಹತ್ತುತ್ತಿರಲಿಲ್ಲ. ರಸ್ತೆ ಬದಿಯ ಪಿಲ್ಲರ್, ಅಂದರೆ ವೈರುಗಳೆಲ್ಲ ಬಂದು ಕೂಡುವ ಪೆಟ್ಟಿಗೆ ತೆಗೆದು, ಆ ಮನೆಯ ಜೋಡಿ ವೈರ್ ಬಿಚ್ಚಿ, ಎಕ್ಸ್‌ಚೇಂಜ್ ಕಡೆಯ ತುದಿಗೆ ಟೆಸ್ಟ್ ಫೋನ್ ಸಿಕ್ಕಿಸಿ ಕಿವಿಗಿಡುತ್ತಿದ್ದೆವು. ಟೋನ್ ಬಂತಾ, ಸರಿ, ಎಕ್ಸ್‌ಚೇಂಜಿನಿಂದ ಪಿಲ್ಲರ್‌ವರೆಗಿನ ಅಷ್ಟೂ ಕೇಬಲ್ ಚೆನ್ನಾಗಿದೆ, ಇನ್ನು ಹುಡುಕುವುದು ಮನೆ ಕಡೆ ಮಾತ್ರ. ನೀನು ಮಾಡಿರುವುದು ಇದರ ಉಲ್ಟಾ. ಎಲ್ಲಿ ಕಡಿದಿದೆ ಅಂತ ನೋಡದೇ ಎಲ್ಲವನ್ನೂ ಬದಲಾಯಿಸಿದ್ದೀಯ.

ಇವತ್ತು ರಾತ್ರಿ ಉಂಗುರ ತಿರುಗಿದ ತಕ್ಷಣ ಏನನ್ನೂ ಆಫ್ ಮಾಡಬೇಡ. ಫೋನಿನ ಮೊಬೈಲ್ ಡೇಟಾ ಬಂದ್ ಮಾಡಿ, ಅದೇ ವೈಫೈಯಲ್ಲಿ ಒಂದು ವಿಡಿಯೋ ಹಾಕು. ಅದೂ ನಿಂತರೆ ಸ್ಟಿಕ್ ಪಾಪ, ಅದರದ್ದೇನೂ ತಪ್ಪಿಲ್ಲ. ಆಗ ಫೈಬರ್ ಡಬ್ಬಿಯ, ಅಂದರೆ ಹೊರಗಿನ ನೆಟ್ ಲೈನ್ ಬಂದು ಸೇರುವ ಡಬ್ಬಿಯ ದೀಪ ನೋಡು. ಎಲ್‌ಓಎಸ್ ಅಂತ ಬರೆದಿರುವ ಕಡೆ ಕೆಂಪು ಕಂಡರೆ ಫೈಬರಿನಲ್ಲಿ ಬೆಳಕೇ ಬರುತ್ತಿಲ್ಲ ಅಂತ ಅರ್ಥ. ಎಲ್ಲೋ ತುಂಡಾಗಿದೆ ಅಥವಾ ಜಾಸ್ತಿ ಮಡಚಿಕೊಂಡಿದೆ. ಅದು ಲೈನಿನವರ ಕೆಲಸ, ನಿನ್ನದಲ್ಲ. ಫೋನಲ್ಲಿ ವಿಡಿಯೋ ಚೆನ್ನಾಗಿ ಓಡುತ್ತಿದ್ದು ಟಿವಿಯಲ್ಲಿ ಮಾತ್ರ ನಿಂತಿದ್ದರೆ, ಜಗಳ ಆಡಿದವರ ಹತ್ತಿರ ಮೊದಲು ಕ್ಷಮೆ ಕೇಳು.

ಅಕ್ಕ ಹೇಳಿದ ಪ್ರಕಾರ ನಿಮ್ಮಲ್ಲಿ ಫೋನುಗಳು ಓಡುತ್ತವೆ. ಹಾಗಾದರೆ ರೂಟರಿನಿಂದ ಸ್ಟಿಕ್ಕಿಗೆ ವಿಳಾಸ ಸಿಕ್ಕಿದೆಯಾ ನೋಡು, ಮನೆಯ ವೈಫೈಯಲ್ಲಿ ಅದರ ಗುರುತಿನ ನಂಬರು ಅದು. ಸೆಟ್ಟಿಂಗ್ಸ್‌ನಲ್ಲಿ ನೆಟ್‌ವರ್ಕ್ ವಿವರಕ್ಕೆ ಹೋದರೆ ಐಪಿ ಅಡ್ರೆಸ್ ಕಾಣುತ್ತದೆ. 192.168 ಅಂತ ಶುರುವಾದರೆ ರೂಟರ್ ಕೊಟ್ಟಿದೆ ಅನ್ನು. 169.254 ಅಂತಿದ್ದರೆ ರೂಟರ್ ಉತ್ತರ ಕೊಟ್ಟಿಲ್ಲ, ಸ್ಟಿಕ್ ಬೇಸತ್ತು ತಾನೇ ಒಂದು ವಿಳಾಸ ಬರೆದುಕೊಂಡಿದೆ. ಕರೆಂಟ್ ಹೋಗಿ ಬಂದಾಗ ಇದು ಜಾಸ್ತಿ. ಫೈಬರ್ ಡಬ್ಬಿ, ರೂಟರ್ ಎರಡೂ ಎದ್ದು ಕಣ್ಣುಜ್ಜಿಕೊಳ್ಳುವುದಕ್ಕೆ ಎರಡು ಮೂರು ನಿಮಿಷ ಬೇಕು, ಸ್ಟಿಕ್ ಅದಕ್ಕೂ ಮುಂಚೆ ಎದ್ದು ಬಾಗಿಲು ತಟ್ಟಿರುತ್ತದೆ. ಎಲ್ಲ ದೀಪ ಹಸಿರಾದ ಮೇಲೆ ಸ್ಟಿಕ್ಕನ್ನೊಂದು ಸಲ ಆಫ್ ಮಾಡಿ ಆನ್ ಮಾಡಿದರೆ ಸಾಕು. ಇನ್ವರ್ಟರ್ ಇದೆಯಲ್ಲ ಅನ್ನಬೇಡ. ಲೈನಿಂದ ಬ್ಯಾಟರಿಗೆ ಹಾರುವ ಆ ಒಂದು ಕ್ಷಣದಲ್ಲಿ ಬಲ್ಬು ಮಿಣುಕಿದ್ದು ನಿನಗೆ ಗೊತ್ತೇ ಆಗುವುದಿಲ್ಲ, ಆದರೆ ರೂಟರ್ ಅಷ್ಟರಲ್ಲಿ ಸತ್ತು ಹುಟ್ಟಿರುತ್ತದೆ. ರೂಟರಿಗೇ ಅಂತ 12 ವೋಲ್ಟಿನ ಪುಟ್ಟ ಯುಪಿಎಸ್ ಸಿಗುತ್ತದೆ. ದುಡ್ಡು ಹಾಕುವುದೇ ಆದರೆ ಅದಕ್ಕೆ ಹಾಕು. ನಿನ್ನ ರೂಟರಿನ ಅಡಾಪ್ಟರ್ ಎಷ್ಟು ವೋಲ್ಟಿನದು ಅಂತ ಓದಿಕೊಂಡು ಹೋಗು.

ಈಗ ನನ್ನ ಮಾನ ನಾನೇ ಕಳೆದುಕೊಳ್ಳುವ ಕಥೆ. ಹೋದ ಮಳೆಗಾಲ ನಮ್ಮನೆಯಲ್ಲೂ ಹೀಗೇ ಆಗುತ್ತಿತ್ತು. ಅರ್ಧ ಗಂಟೆ ಓಡುವುದು, ವೈಫೈ ಬಿಡುವುದು, ಒಮ್ಮೊಮ್ಮೆ ಸ್ಟಿಕ್ಕೇ ಮೊದಲಿಂದ ಶುರುವಾಗುವುದು. ನಾಲ್ಕು ದಿನ ಡಿಎನ್ಎಸ್ ಅನ್ನುವ, ಸೈಟಿನ ಹೆಸರಿಗೆ ವಿಳಾಸ ಹುಡುಕುವ ಸೆಟ್ಟಿಂಗ್ ಬದಲಾಯಿಸಿದೆ, ವೈಫೈ ಚಾನೆಲ್ ಬದಲಾಯಿಸಿದೆ, ಪಾಪದ ಕೇಬಲ್ ಹುಡುಗನನ್ನು ಎರಡು ಸಲ ಮಳೆಯಲ್ಲಿ ಕರೆಸಿದೆ. ಐದನೇ ದಿನ ನಿಮ್ಮತ್ತೆ ಡ್ರಾಯರ್‌ನಲ್ಲಿ ಕತ್ತರಿ ಹುಡುಕುತ್ತಾ ಸ್ಟಿಕ್ ಬಂದ ಡಬ್ಬಿ ತೆಗೆದು, "ಇದೇನ್ರೀ, ಬಿಚ್ಚೇ ಇಲ್ವಲ್ಲ" ಅಂದಳು. ನೋಡಿದರೆ ಅಡಾಪ್ಟರ್ ಇನ್ನೂ ಪ್ಲಾಸ್ಟಿಕ್ ಕವರಿನಲ್ಲೇ ಇದೆ, ಜೊತೆಗೆ ಬೆರಳುದ್ದದ ಒಂದು ಕಪ್ಪು ಎಚ್‌ಡಿಎಂಐ ವೈರೂ ಇದೆ. ನಾನು ಸುಲಭ ಅಂತ ಟಿವಿಯ ಯುಎಸ್‌ಬಿ ತೂತಿನಿಂದಲೇ ಸ್ಟಿಕ್ಕಿಗೆ ಕರೆಂಟ್ ಕೊಟ್ಟಿದ್ದೆ. ಹಳೆಯ ಟಿವಿಗಳ ಆ ತೂತಿನಲ್ಲಿ ಲೆಕ್ಕಕ್ಕೆ ಸಿಗುವುದು ಅರ್ಧ ಆಂಪಿಯರ್. ಆ ಅಡಾಪ್ಟರಿನ ಮೇಲೆ ಬರೆದಿದ್ದು 5 ವೋಲ್ಟ್, 1 ಆಂಪಿಯರ್. ಅರ್ಧ ಹೊಟ್ಟೆಯಲ್ಲಿ ದುಡಿಸಿ, ಬಿದ್ದರೆ ಬೈಯುತ್ತಿದ್ದೆ. ಮೂವತ್ತು ವರ್ಷ ಲೈನಿನಲ್ಲಿ ದುಡಿದವನಿಗೆ ಇದು ಹೊಳೆಯಲಿಲ್ಲ!

ಆ ಬೆರಳುದ್ದದ ವೈರನ್ನು ನೀನೂ ಎಸೆದಿರುತ್ತೀಯ ಅಂತ ನನ್ನ ಅನುಮಾನ. ಟಿವಿಯ ಬೆನ್ನಿಗೆ ಅಂಟಿಕೊಂಡ ಸ್ಟಿಕ್ಕಿಗೆ ಮುಂದೆ ಇಡೀ ಟಿವಿ ಅಡ್ಡ, ಹಿಂದೆ ಗೋಡೆ. ಆ ವೈರ್ ಹಾಕಿದರೆ ಸ್ಟಿಕ್ ನಾಲ್ಕು ಬೆರಳು ಆಚೆ ಬರುತ್ತದೆ, ಸಿಗ್ನಲ್ಲಿಗೆ ಅಷ್ಟೇ ದೊಡ್ಡ ಉಪಕಾರ. ನಿಮ್ಮ ರೂಟರ್ ಬಾಗಿಲ ಹತ್ತಿರ ಚಪ್ಪಲಿ ಗೂಡಿನೊಳಗೆ ಇದ್ದದ್ದು ಹೋದ ಸಲ ಬಂದಾಗ ನೋಡಿದ್ದೆ. ಅಲ್ಲಿಂದ ಟಿವಿಗೆ ಬರುವ ದಾರಿಯಲ್ಲಿ ಅಕ್ಕನ ಕಬ್ಬಿಣದ ಬೀರು ಬೇರೆ ನಿಂತಿದೆ. ವೈಫೈಗೆ ಕಬ್ಬಿಣವೂ ಆಗುವುದಿಲ್ಲ, ನೀರೂ ಆಗುವುದಿಲ್ಲ. ರೂಟರನ್ನು ಹೊರಗೆ ತೆಗೆದು ಎದೆಯೆತ್ತರದಲ್ಲಿ ಇಡು. ಚಂದ ಕಾಣುವುದಿಲ್ಲ ಅಂತ ನಿನ್ನ ಹೆಂಡತಿ ಅಂದರೆ ನನ್ನ ಹೆಸರು ಹೇಳು.

ಬೆಳಿಗ್ಗೆ ಸರಿ ಇದ್ದು ರಾತ್ರಿ ಎಂಟಕ್ಕೇ ಯಾಕೆ ಹೋಗುತ್ತದೆ ಅಂತ ಅಕ್ಕ ಕೇಳಿದಳು. ಒಳ್ಳೆ ಪ್ರಶ್ನೆ. ನೀವಿರುವುದು ಫ್ಲ್ಯಾಟು. ಎಂಟಕ್ಕೆ ಮೇಲೆ, ಕೆಳಗೆ, ಪಕ್ಕ ಎಲ್ಲರೂ ಮನೆಗೆ ಬಂದಿರುತ್ತಾರೆ. ವೈಫೈಯ 2.4 ಗಿಗಾಹರ್ಟ್ಸ್ ರೇಡಿಯೋ ಪಟ್ಟಿಯಲ್ಲಿ ಒಂದರ ಮೇಲೊಂದು ಬೀಳದೇ ಕೂರುವ ಚಾನೆಲ್‌ಗಳು ಮೂರೇ, 1, 6, 11. ಅಷ್ಟೂ ಮನೆ ಆ ಮೂರರಲ್ಲೇ ಕೂಗಾಡಬೇಕು. ಅದರ ಇನ್ನೊಂದು ಪಟ್ಟಿ 5 ಗಿಗಾಹರ್ಟ್ಸ್‌ನಲ್ಲಿ ಜಾಗ ಜಾಸ್ತಿ, ಆದರೆ ಗೋಡೆ ದಾಟುವ ಶಕ್ತಿ ಕಡಿಮೆ. ಎರಡಕ್ಕೂ ಒಂದೇ ಹೆಸರಿಟ್ಟರೆ ಸ್ಟಿಕ್ ಅತ್ತಿಂದಿತ್ತ ಹಾರುತ್ತಿರುತ್ತದೆ. ರೂಟರಿನ ಸೆಟ್ಟಿಂಗ್ಸ್ ಪುಟಕ್ಕೆ ಹೋಗಿ ಎರಡಕ್ಕೂ ಬೇರೆ ಬೇರೆ ಹೆಸರು ಕೊಟ್ಟು, ಸ್ಟಿಕ್ಕನ್ನು 5ಕ್ಕೆ ಸೇರಿಸು. ಅಲ್ಲಿ ಚಾನೆಲನ್ನು 36 ಅಥವಾ 40ಕ್ಕೆ ನಿಲ್ಲಿಸು. 52ರಿಂದ ಮೇಲಿನ ಕೆಲವನ್ನು ರಾಡಾರ್ ಜೊತೆ ಹಂಚಿಕೊಳ್ಳಬೇಕು, ರಾಡಾರ್ ಸುಳಿವು ಸಿಕ್ಕರೆ ರೂಟರ್ ಕೂತ ಜಾಗ ಬಿಟ್ಟು ಏಳಬೇಕು, ಟಿವಿ ನಿಲ್ಲುತ್ತದೆ. ಅಮೆರಿಕದಿಂದ ಯಾರಾದರೂ ತಂದುಕೊಟ್ಟ ಸ್ಟಿಕ್ ಆದರೆ ಇನ್ನೊಂದು ತಮಾಷೆ ಇದೆ. ನಮ್ಮ ರೂಟರ್ 12 ಅಥವಾ 13ನೇ ಚಾನೆಲಿಗೆ ಹೋಗಿ ಕೂತರೆ ಅದಕ್ಕೆ ನಿಮ್ಮ ವೈಫೈ ಹೆಸರೇ ಕಾಣದೆ ಹೋಗಬಹುದು, ಅಲ್ಲಿ ಬಳಕೆ ಸಾಮಾನ್ಯವಾಗಿ 11ರವರೆಗೆ ಮಾತ್ರ.

ಪ್ಲಾನ್ ದೊಡ್ಡದು ಮಾಡಿಸಿದ್ದು ಸುಮ್ನೆ ದಂಡ, ಬೇಜಾರು ಮಾಡ್ಕೋಬೇಡ. ನೆಟ್‌ಫ್ಲಿಕ್ಸ್‌ನವರೇ ಫುಲ್ ಎಚ್‌ಡಿಗೆ 5 ಎಂಬಿಪಿಎಸ್, 4ಕೆಗೆ 15 ಸಾಕು ಅನ್ನುತ್ತಾರೆ.

ಇನ್ನು ಫ್ಯಾಕ್ಟರಿ ರೀಸೆಟ್, ಅಂದರೆ ಸ್ಟಿಕ್ಕಿನಲ್ಲಿರುವುದನ್ನೆಲ್ಲ ಅಳಿಸಿ ಹೊಸದರಂತೆ ಮಾಡುವುದು. ಅದಕ್ಕೆ ಮಾತ್ರ ಅವಸರ ಮಾಡಬೇಡ. 2025ರ ಮಾರ್ಚ್‌ನಲ್ಲಿ ಗೂಗಲ್‌ನವರ ಇಂಥದ್ದೇ ಸಾಧನ, ಎರಡನೇ ತಲೆಮಾರಿನ ಕ್ರೋಮ್‌ಕಾಸ್ಟ್‌ಗಳು ಜಗತ್ತಿನ ತುಂಬ ಒಟ್ಟಿಗೇ ಕೈಕೊಟ್ಟವು. ಒಳಗಿದ್ದ, ಇದು ಅಸಲಿ ಅಂತ ಗುರುತು ಹೇಳುವ ಒಂದು ಡಿಜಿಟಲ್ ಸರ್ಟಿಫಿಕೇಟಿನ ಅವಧಿ ಮುಗಿದಿತ್ತು, ಅಷ್ಟೇ. ಯಾರ ವೈಫೈಗೂ ಏನೂ ಆಗಿರಲಿಲ್ಲ. ರೀಸೆಟ್ ಮಾಡಬೇಡಿ ಅಂತ ಗೂಗಲ್ ಹೇಳಿತು. ಸುಮ್ಮನೆ ಕಾದವರದ್ದು ಕೆಲವೇ ದಿನಕ್ಕೆ ಸರಿಹೋಯಿತು. ಅಷ್ಟರಲ್ಲೇ ರೀಸೆಟ್ ಒತ್ತಿದವರು ಮತ್ತೆ ಸೆಟಪ್ ಮಾಡಲಾಗದೆ ಒದ್ದಾಡಿದರು.

ಒಂದು ರಾತ್ರಿಗೆ ಒಂದೇ ಬದಲಾವಣೆ ಮಾಡು. ಇವತ್ತು ಅಡಾಪ್ಟರ್, ನಾಳೆ ರೂಟರಿನ ಜಾಗ, ನಾಡಿದ್ದು ಚಾನೆಲ್. ಹಾಲಿನ ಲೆಕ್ಕ ಬರೆಯುವ ಕ್ಯಾಲೆಂಡರಿನ ಮೇಲೇ ಬರೆದಿಡು, ಎಷ್ಟು ಗಂಟೆಗೆ ನಿಂತಿತು, ಆಗ ಫೋನ್ ಓಡುತ್ತಿತ್ತಾ ಅಂತ. ಬರೆಯುವ ಕೆಲಸ ಅಕ್ಕನಿಗೆ ಒಪ್ಪಿಸು, ಹೇಗೂ ಎಂಟು ಗಂಟೆಗೆ ಟಿವಿ ಮುಂದೆ ಇರುವವಳು ಅವಳೇ.

ಹಬ್ಬಕ್ಕೆ ಬರುವಾಗ ನೀನು ತೆಗೆದಿಟ್ಟಿರುವ ಹಳೆ ರೂಟರ್ ಬ್ಯಾಗಿಗೆ ಹಾಕಿಕೊಂಡು ಬಾ, ಅದಕ್ಕೆ ಏನೂ ಆಗಿರಲಿಕ್ಕಿಲ್ಲ. ನಮ್ಮ ಮಹಡಿ ಕೋಣೆಗೆ ಸಿಗ್ನಲ್ ಬರುತ್ತಿಲ್ಲ, ಕೇಬಲ್ ಎಳೆದು ಅಲ್ಲಿ ಹಾಕುತ್ತೇನೆ. ಅದರ ಅಡಾಪ್ಟರ್ ಮರೆಯಬೇಡ.

ನಿನ್ನ ಮಾವ